ಗಣಕದ ಹೊಟ್ಟೆಗೆ ಕರೆಂಟು ಉಣಿಸುವ ಮುನ್ನ

ರಾಜಾಜಿನಗರದಲ್ಲಿ ಮೆಟ್ರೊ ಹತ್ತಿ ಚಿಕ್ಕಪೇಟೆಯಲ್ಲಿ ಇಳಿದರೆ ಎಸ್.ಪಿ. ರಸ್ತೆ ನಡೆದು ಹೋಗುವಷ್ಟೇ ದೂರ. ವಿಜಯನಗರ, ಕೆಂಗೇರಿಯವರು ಮೆಜೆಸ್ಟಿಕ್‌ನಲ್ಲಿ ಗಾಡಿ ಬದಲಿಸಬೇಕು, ಅಷ್ಟೆ. ಬಿಡಿಭಾಗಗಳನ್ನು ಒಂದೊಂದಾಗಿ ಆರಿಸಿ ತಂದು ಮನೆಯಲ್ಲೇ ಕಂಪ್ಯೂಟರ್ ಜೋಡಿಸುವ ಹವ್ಯಾಸಿಗಳಿಗೆ ಈ ದಾರಿ ಚಿರಪರಿಚಿತ. ಪ್ರೊಸೆಸರ್ ಯಾವುದು, ರ‍್ಯಾಮ್ ಎಷ್ಟು ಎಂದು ಅಂಗಡಿ ಅಂಗಡಿಗೆ ಅಲೆದು ಚೌಕಾಸಿ ಮಾಡುವವರು, ಕೊನೆಗೆ ಜೇಬಿನಲ್ಲಿ ಉಳಿದ ದುಡ್ಡಿಗೆ ಸಿಕ್ಕ ಎಸ್‌ಎಂಪಿಎಸ್ ಹಿಡಿದುಕೊಂಡು ಬರುತ್ತಾರೆ. ಎಡವುವುದು ಅಲ್ಲೇ.

ಸ್ವಿಚ್ ಮೋಡ್ ಪವರ್ ಸಪ್ಲೈ ಎಂಬುದರ ಗಿಡ್ಡ ಹೆಸರೇ ಎಸ್‌ಎಂಪಿಎಸ್. ಗೋಡೆಯ ಸಾಕೆಟ್ಟಿನಿಂದ ಬರುವ 230 ವೋಲ್ಟ್ ಎ.ಸಿ. ವಿದ್ಯುತ್ತನ್ನು ಅದು ಮೊದಲು ಸುಮಾರು 325 ವೋಲ್ಟ್ ಡಿ.ಸಿ. ಮಾಡಿಕೊಳ್ಳುತ್ತದೆ. ಆಮೇಲೆ ಅದನ್ನು ಸೆಕೆಂಡಿಗೆ ಹತ್ತಾರು ಸಾವಿರ ಸಲ ಕಡಿದು, ಪುಟ್ಟ ಟ್ರಾನ್ಸ್‌ಫಾರ್ಮರಿನ ಮೂಲಕ ಹಾಯಿಸಿ 12, 5 ಮತ್ತು 3.3 ವೋಲ್ಟ್‌ಗಳಿಗೆ ಇಳಿಸುತ್ತದೆ. ಮದರ್‌ಬೋರ್ಡ್, ಹಾರ್ಡ್ ಡಿಸ್ಕ್, ಗ್ರಾಫಿಕ್ಸ್ ಕಾರ್ಡ್ ಎಲ್ಲಕ್ಕೂ ಉಣಬಡಿಸುವುದು ಇದೊಂದೇ ಪೆಟ್ಟಿಗೆ. ಬೇರೆ ಭಾಗ ಕೆಟ್ಟರೆ ಹೆಚ್ಚಾಗಿ ಅದೊಂದೇ ಕೆಡುತ್ತದೆ. ಇದು ಕೆಟ್ಟರೆ ಪಂಕ್ತಿಯಲ್ಲಿ ಕೂತವರನ್ನೆಲ್ಲ ಜೊತೆಗೆ ಕರೆದೊಯ್ಯಬಹುದು. ವರ್ಷಗಳ ಫೋಟೊ, ಲೆಕ್ಕಪತ್ರ ಇರುವ ಡಿಸ್ಕ್ ಕೂಡ ಆ ಪಂಕ್ತಿಯಲ್ಲೇ ಇರುತ್ತದೆ. ಆದ್ದರಿಂದ ಜೋಡಿಸುವ ಮೊದಲು ಅರ್ಧ ಗಂಟೆ ಪರೀಕ್ಷೆಗೆ ಎತ್ತಿಡುವುದು ಜಾಣತನ.

ತಂತಿ ತುಂಡಿನ ಪರೀಕ್ಷೆ

ಹಳೆಯ ಎಸ್‌ಎಂಪಿಎಸ್ ಆದರೆ ಹಿಂಬದಿಯಲ್ಲಿ 115 ಮತ್ತು 230 ಎಂದು ಬರೆದ ಪುಟ್ಟ ಕೆಂಪು ಗುಂಡಿ ಇದೆಯೇ ನೋಡಿ. ಅದು 230ರ ಕಡೆಗೇ ಇರಬೇಕು. 115ರಲ್ಲಿಟ್ಟು ಸ್ವಿಚ್ ಒತ್ತಿದರೆ ಢಂ ಎಂದು ಕೆಪಾಸಿಟರ್ ಸಿಡಿಯುವುದಕ್ಕೆ ಕ್ಷಣ ಸಾಕು.

ಮದರ್‌ಬೋರ್ಡಿಗೆ ಹೋಗುವ 24 ಪಿನ್ನಿನ ದೊಡ್ಡ ಕನೆಕ್ಟರಿನಲ್ಲಿ ಹಸಿರು ತಂತಿ ಒಂದೇ ಒಂದು. ಬೋರ್ಡು ‘ಏಳು’ ಎಂದು ಎಸ್‌ಎಂಪಿಎಸ್‌ಗೆ ಹೇಳುವುದು ಈ ತಂತಿಯ ಮೂಲಕ. ಪ್ಲಗ್ ಕಿತ್ತಿಟ್ಟು, ಪೇಪರ್ ಕ್ಲಿಪ್ಪನ್ನು ಬಗ್ಗಿಸಿ ಹಸಿರನ್ನು ಪಕ್ಕದ ಕಪ್ಪಿಗೆ ಸೇರಿಸಿ. ತಂತಿಗಳೆಲ್ಲ ಕಪ್ಪೇ ಆಗಿದ್ದರೆ ಪುಸ್ತಿಕೆಯ ಚಿತ್ರ ನೋಡಿ 16ನೇ ಪಿನ್ನನ್ನು 17ಕ್ಕೆ ಸೇರಿಸಬೇಕು. ಕೈ ತೆಗೆದ ಮೇಲಷ್ಟೇ ಪ್ಲಗ್ ಸಿಕ್ಕಿಸಿ ಸ್ವಿಚ್ ಹಾಕಿ.

ಫ್ಯಾನ್ ತಿರುಗಿತೆಂದು ಹಿಗ್ಗಬೇಡಿ. ಅದು ಹಾಜರಿ ಮಾತ್ರ, ಪಾಸಾಗಲಿಲ್ಲ. ಮಲ್ಟಿಮೀಟರನ್ನು 20 ವೋಲ್ಟ್ ಡಿ.ಸಿ.ಗೆ ಇಟ್ಟು ಕರಿ ಕಡ್ಡಿಯನ್ನು ಕಪ್ಪು ತಂತಿಗೆ ಹಿಡಿಯಿರಿ. ಕೆಂಪು ಕಡ್ಡಿ ಹಳದಿ ತಂತಿಯಲ್ಲಿ 11.4ರಿಂದ 12.6, ಕೆಂಪಿನಲ್ಲಿ 4.75ರಿಂದ 5.25, ಕಿತ್ತಳೆಯಲ್ಲಿ 3.14ರಿಂದ 3.47 ವೋಲ್ಟ್ ತೋರಿಸಬೇಕು. ನೇರಳೆ ತಂತಿಯಲ್ಲಿ ಕಂಪ್ಯೂಟರ್ ಮಲಗಿದ್ದಾಗಲೂ 5 ವೋಲ್ಟ್ ಇರುತ್ತದೆ. ಸಾಧ್ಯವಾದರೆ ಕೆಲಸಕ್ಕೆ ಬಾರದ ಹಳೆಯ ಹಾರ್ಡ್ ಡಿಸ್ಕೊಂದನ್ನು ಹೊರೆಯಾಗಿ ಸಿಕ್ಕಿಸಿ ಮತ್ತೆ ಅಳೆಯಿರಿ. ಅಂಕಿ ಕುಸಿದರೆ ಅಥವಾ ಸುಟ್ಟ ವಾಸನೆ ಬಂದರೆ ಅದನ್ನು ಅಂಗಡಿಗೆ ಹಿಂತಿರುಗಿಸುವುದೇ ಸರಿ. ಪೆಟ್ಟಿಗೆಯನ್ನು ಮಾತ್ರ ಎಂದಿಗೂ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರಿನಲ್ಲಿ ಪ್ರಾಣ ತೆಗೆಯುವಷ್ಟು ವಿದ್ಯುತ್ ಅಡಗಿರಬಹುದು.

ಕೂರಿಸುವ ಕ್ರಮ

ಕ್ಯಾಬಿನೆಟ್ಟಿನ ತಳದಲ್ಲಿ ಜಾಲರಿ ಇದ್ದರೆ ಫ್ಯಾನಿನ ಮುಖ ಕೆಳಗಿರಲಿ, ಇಲ್ಲವಾದರೆ ಮೇಲಿರಲಿ. ನಾಲ್ಕು ಸ್ಕ್ರೂ ಬಿಗಿದ ಮೇಲೆ 24 ಪಿನ್ನಿನದನ್ನೂ ಪ್ರೊಸೆಸರಿನ ಎಂಟು ಪಿನ್ನಿನದನ್ನೂ ‘ಕ್ಲಿಕ್’ ಎನ್ನುವ ತನಕ ಒತ್ತಿ. ಗ್ರಾಫಿಕ್ಸ್ ಕಾರ್ಡಿನದೂ ಎಂಟು ಪಿನ್ನೇ. ಆದರೆ ಎರಡೂ ಒಂದಲ್ಲ. ಹೋಗದ ಕಡೆ ಬಲ ಹಾಕಬಾರದು. ಕಳಚಿ ಜೋಡಿಸುವ ಕೇಬಲ್ಲಿನ ಮಾದರಿಗಳಲ್ಲಿ ಇನ್ನೊಂದು ಎಚ್ಚರ ಬೇಕು. ಒಂದು ಕಂಪನಿಯ ಕೇಬಲ್ ಇನ್ನೊಂದರ ಪೆಟ್ಟಿಗೆಗೆ ಹೊಂದಿಕೊಂಡಂತೆ ಕಂಡರೂ ಒಳಗಿನ ತಂತಿಗಳ ಕ್ರಮ ಬೇರೆ ಇರಬಹುದು. ಹೊಸ ಪೆಟ್ಟಿಗೆಗೆ ಹಳೆಯ ಕೇಬಲ್ ಹಾಕಿದರೆ ಡಿಸ್ಕ್ ಸುಟ್ಟೀತು.

ಚುರುಗುಟ್ಟುವ ಕ್ಯಾಬಿನೆಟ್

ಎಲ್ಲ ಸರಿಯಾಗಿ ಜೋಡಿಸಿದ್ದೂ ಆಯಿತು, ಕಂಪ್ಯೂಟರ್ ಓಡುತ್ತಿದೆ. ಬರಿಗಾಲಲ್ಲಿ ನಿಂತು ಕ್ಯಾಬಿನೆಟ್ ಮುಟ್ಟಿದರೆ ಬೆರಳು ಚುರ್ ಎನ್ನುತ್ತದೆ. ಟೆಸ್ಟರ್ ಇಟ್ಟರೆ ದೀಪ ಮಿಣುಕುತ್ತದೆ. ಅಂಗಡಿಯವನು ಮೋಸ ಮಾಡಿದನೆ?

ಬಹುಪಾಲು ಇಲ್ಲ. ಎಸ್‌ಎಂಪಿಎಸ್‌ನೊಳಗಿನ ಸೋಸು ಕೆಪಾಸಿಟರುಗಳು ಅತ್ಯಲ್ಪ ವಿದ್ಯುತ್ತನ್ನು ಲೋಹದ ಕವಚಕ್ಕೆ ಬಿಡುತ್ತವೆ. ಅರ್ತಿಂಗ್ ತಂತಿ ಇದ್ದರೆ ಅದು ಸದ್ದಿಲ್ಲದೆ ನೆಲ ಸೇರುತ್ತದೆ. ಇಲ್ಲದಿದ್ದರೆ ಮುಟ್ಟಿದವರ ಮೈಯೇ ದಾರಿ. ಚುರುಗುಟ್ಟುವುದರಿಂದ ಅಪಾಯ ಕಡಿಮೆ. ಆದರೆ ನಾಳೆ ಒಳಗಿನ ಫೇಸ್ ತಂತಿಯೇ ಕವಚಕ್ಕೆ ತಗುಲಿದರೆ ಫ್ಯೂಸ್ ಹಾರಿಸಲು ದಾರಿ ಇರುವುದಿಲ್ಲ. ಆಗ ಪೆಟ್ಟು ತಿನ್ನುವುದು ಮೊದಲು ಮುಟ್ಟಿದ ಕೈ.

ಬೆಂಗಳೂರಿಗೆ ವಿದ್ಯುದ್ದೀಪ ಬಂದದ್ದು 1905ರಲ್ಲಿ, ಶಿವನಸಮುದ್ರದ ನೀರಿನ ಬಲದಿಂದ. ಆಮೇಲೆ ಕೆಇಬಿ ಬಂತು, 2002ರಿಂದ ಬೆಸ್ಕಾಂ ಇದೆ. ಆದರೆ ಮೀಟರು ದಾಟಿದ ಮೇಲಿನ ತಂತಿಯ ಹೊಣೆ ಎಂದಿಗೂ ಮನೆಯವರದೇ. ಹಳೆಯ ಮನೆಗಳಲ್ಲಿ, ಬಾಡಿಗೆಗೆಂದು ಮೇಲೆ ಕಟ್ಟಿದ ಮಹಡಿಗಳಲ್ಲಿ ಸಾಕೆಟ್ಟಿಗೆ ಮೂರು ತೂತಿದ್ದರೂ ಮೇಲಿನ ದೊಡ್ಡ ತೂತಿನ ಹಿಂದೆ ತಂತಿಯೇ ಇಲ್ಲದಿರಬಹುದು. ತಂತಿ ಇದ್ದರೂ ಇದ್ದಿಲು, ಉಪ್ಪು ಹಾಕಿ ಹೂಳಿದ ಗುಂಡಿ ಒಣಗಿ ಬಿರುಕು ಬಿಟ್ಟಿರಬಹುದು. ಬೇಸಿಗೆಯಲ್ಲಿ ಆ ಗುಂಡಿಗೆ ಆಗಾಗ ಎರಡು ಕೊಡ ನೀರು ಹಾಕಬೇಕೆಂಬುದು ಹಿಂದಿನವರಿಗೆ ಗೊತ್ತಿತ್ತು. ಈಗ ಎಷ್ಟೋ ಕಡೆ ಅದರ ಮೇಲೆ ಕಾಂಕ್ರೀಟ್ ಬಿದ್ದು ಕಾರು ನಿಂತಿರುತ್ತದೆ.

ಎರಡು ಪಿನ್ನಿನ ಕನ್ವರ್ಟರ್ ಹಾಕಿ ಕೆಲಸ ಸಾಗಿಸುವುದು ಪರಿಹಾರವಲ್ಲ. ಅರ್ತಿಂಗ್ ಪರೀಕ್ಷೆಯೂ ಹವ್ಯಾಸಿಯ ಕೆಲಸವಲ್ಲ. ಪರವಾನಗಿ ಇರುವ ಎಲೆಕ್ಟ್ರಿಷಿಯನ್‌ ಅಳೆದು ನೋಡಬೇಕು. ಎಸ್.ಪಿ. ರಸ್ತೆಗೆ ಹೊರಡುವ ಮುನ್ನ ಒಮ್ಮೆ ಅವರನ್ನು ಕರೆಸಿ. ಗಣಕಕ್ಕೆ ಮಾತ್ರವಲ್ಲ, ಬಚ್ಚಲ ಗೀಸರಿಗೂ ಅಡುಗೆಮನೆಯ ಮಿಕ್ಸಿಗೂ ಅದೇ ತಂತಿ ಕಾವಲು.