ನೀಲಕಂಠ ಕಡಿಮೆಯಾಗಿದೆ, ನವಿಲು ಹೆಚ್ಚಿದೆ: ಎಣಿಸಿದರೆ ಮಾತ್ರ ತಿಳಿಯುತ್ತದೆ



ನಾವು ಹಿರಿಯರು ನಾಲ್ಕು ಜನ ಒಂದೆಡೆ ಕೂತರೆ "ಈಗ ಗುಬ್ಬಚ್ಚಿಗಳೇ ಕಾಣೋದಿಲ್ಲ" ಎಂಬ ಮಾತು ಬಂದೇ ಬರುತ್ತದೆ. ಈ ಮಾತು ಅರ್ಧ ನಿಜ. ನಮ್ಮ ಕಣ್ಣಿಗೆ ಬೀಳದೆ ಕಡಿಮೆಯಾಗುತ್ತಿರುವ ಹಕ್ಕಿ ಬೇರೆಯೇ ಇದೆ.

ಮೊದಲು ಗುಬ್ಬಚ್ಚಿಯ ವಿಷಯ. 2020ರಲ್ಲಿ ಪ್ರಕಟವಾದ ಭಾರತದ ಹಕ್ಕಿಗಳ ಸ್ಥಿತಿಗತಿಯ ವರದಿಯ ಪ್ರಕಾರ, ದೇಶದಲ್ಲಿ ಒಟ್ಟಾರೆ ಗುಬ್ಬಚ್ಚಿಗಳ ಸಂಖ್ಯೆ ಸುಮಾರು 25 ವರ್ಷಗಳಿಂದ ಸ್ಥಿರವಾಗಿಯೇ ಇದೆ. ಕಡಿಮೆಯಾಗಿರುವುದು ಬೆಂಗಳೂರು, ಹೈದರಾಬಾದ್, ಚೆನ್ನೈನಂಥ ಮಹಾನಗರಗಳಲ್ಲಿ. ನಮ್ಮ ಹಳೆಯ ಮಾಳಿಗೆ ಮನೆಗಳಲ್ಲಿ ತೊಲೆಯ ಸಂದು, ಗೋಡೆಯ ಗೂಡು, ಗವಾಕ್ಷಿ ಇದ್ದವು. ಗುಬ್ಬಿಗೆ ಅಷ್ಟು ಜಾಗ ಸಾಕಿತ್ತು. ಆರ್‌ಸಿಸಿ ಮನೆಯಲ್ಲಿ ಸಂದೇ ಇಲ್ಲ. ಮರಿಗಳಿಗೆ ಕಾಳು ಸಾಲದು, ಹುಳ ಬೇಕು. ಅಂಗಳಕ್ಕೂ ಸಿಮೆಂಟ್ ಹಾಕಿದರೆ ಹುಳ ಎಲ್ಲಿಂದ ಬರಬೇಕು? ಹಾಗಾಗಿ ನಮ್ಮ ಮನೆಯಲ್ಲಿ ಗುಬ್ಬಿ ಕಾಣದಿದ್ದರೂ ಪಕ್ಕದ ಹಳ್ಳಿಯಲ್ಲಿ ಇರಬಹುದು.

ಇನ್ನು ನೀಲಕಂಠ. ರಾಯದುರ್ಗದಿಂದ ನೇಮಕಲ್ಲಿಗೆ ಆಂಜನೇಯಸ್ವಾಮಿ ದರ್ಶನಕ್ಕೆ ಹೋಗುವವರಿಗೆ, ಮಡಕಶಿರಾ ಕಡೆಯ ಶೇಂಗಾ ಹೊಲಗಳಲ್ಲಿ ಓಡಾಡುವವರಿಗೆ ಕರೆಂಟಿನ ತಂತಿಯ ಮೇಲೆ ಸುಮ್ಮನೆ ಕೂತಿರುವ ಈ ಹಕ್ಕಿ ಗೊತ್ತು. ಕೂತಾಗ ಮಂಕು, ಹಾರಿದರೆ ರೆಕ್ಕೆಯಲ್ಲಿ ಎರಡು ಬಗೆಯ ನೀಲಿ. ತೆಲುಗಿನವರು ಇದನ್ನು ಪಾಲಪಿಟ್ಟ ಎನ್ನುತ್ತಾರೆ. ವಿಜಯದಶಮಿಯ ದಿನ ಕಂಡರೆ ಶುಭ ಎಂದು ಹುಡುಕಿಕೊಂಡು ಹೋಗುತ್ತಾರೆ. ಕರ್ನಾಟಕಕ್ಕೆ ಇದು ರಾಜ್ಯಪಕ್ಷಿ. ವಿಭಜನೆಗೆ ಮೊದಲು ಆಂಧ್ರಕ್ಕೂ ಇದೇ ಆಗಿತ್ತು. 2018ರಲ್ಲಿ ಆಂಧ್ರ ಸರ್ಕಾರ ಗಿಳಿಯನ್ನು ಆರಿಸಿಕೊಂಡಿತು. ಮಿಡತೆ, ಜೀರುಂಡೆ ತಿನ್ನುವ ಇದು ರೈತನಿಗೆ ಸಂಬಳವಿಲ್ಲದ ಆಳು.

2023ರ ವರದಿಯ ಪ್ರಕಾರ ಈ ನೀಲಕಂಠ ಸುಮಾರು 12 ವರ್ಷಗಳಲ್ಲಿ ಶೇಕಡಾ 30ರಷ್ಟು ಕಡಿಮೆಯಾಗಿದೆ. ಅಂದರೆ ಒಂದು ದಾರಿಯಲ್ಲಿ ಹತ್ತು ಕಾಣುತ್ತಿದ್ದ ಕಡೆ ಈಗ ಏಳು. ಏಳು ಕಂಡವನಿಗೆ ಕಡಿಮೆಯಾಗಿದೆ ಎಂದು ಅನಿಸುವುದೇ ಇಲ್ಲ. ಇವತ್ತಿನ ಮಕ್ಕಳಿಗೆ ಏಳೇ ಪೂರ್ತಿ ಲೆಕ್ಕ. ಅಪಾಯ ಇರುವುದು ಇಲ್ಲಿಯೇ. ಬಯಲು, ಹುಲ್ಲುಗಾವಲು, ಹೊಲಗಳನ್ನು ನಂಬಿದ ಹಕ್ಕಿಗಳು ದೇಶದಲ್ಲೆಲ್ಲ ಕುಸಿಯುತ್ತಿವೆ ಎಂದು ಅದೇ ವರದಿ ಹೇಳುತ್ತದೆ. ನಮ್ಮ ಸೀಮೆಯೇ ಅಂಥ ಬಯಲು. ನೀಲಕಂಠ ಗೂಡು ಮಾಡುವುದು ಮರದ ಪೊಟರೆಯಲ್ಲಿ. ಬದುವಿನ ಹಳೇ ಮರ ಕಡಿದರೆ ಅದರ ಮನೆ ಹೋಯಿತು. ಔಷಧ ಹೊಡೆದು ಹುಳವೆಲ್ಲ ಸತ್ತರೆ ಅದರ ಊಟವೂ ಹೋಯಿತು.

ಎಲ್ಲವೂ ಇಳಿಯುತ್ತಿಲ್ಲ. ನವಿಲು, ಕೋಗಿಲೆ ಹೆಚ್ಚಿವೆ. ನವಿಲು 1963ರಿಂದ ರಾಷ್ಟ್ರಪಕ್ಷಿ, 1972ರ ಕಾಯ್ದೆಯ ರಕ್ಷಣೆಯೂ ಇದೆ. ಕಾಳು, ಹುಳ, ಹಾವಿನ ಮರಿ ಏನು ಸಿಕ್ಕರೂ ತಿಂದು ಬದುಕುತ್ತದೆ. ನೀರಾವರಿ ಬಂದ ಕಡೆ ಅದಕ್ಕೆ ಅನುಕೂಲ. ನವಿಲು ಕುಣಿದರೆ ನಮಗೆ ಸಂತೋಷ, ಬಿತ್ತಿದ ಕಾಳು ಕೆದಕಿಸಿಕೊಂಡ ರೈತನಿಗೆ ಅಲ್ಲ. ಎರಡೂ ಲೆಕ್ಕಕ್ಕೆ ಬರಬೇಕು.

ಈ ಅಂಕಿಗಳು ಎಲ್ಲಿಂದ ಬಂದವು? ಯಾರೂ ಪ್ರತಿ ಹಕ್ಕಿಯನ್ನು ಎಣಿಸಿಲ್ಲ. 30,000ಕ್ಕೂ ಹೆಚ್ಚು ಹವ್ಯಾಸಿಗಳು ಕಂಡ ಹಕ್ಕಿಗಳ ಪಟ್ಟಿಯನ್ನು ಇಬರ್ಡ್ ಎಂಬ ತಾಣಕ್ಕೆ ಕಳಿಸಿದ್ದಾರೆ. ಒಟ್ಟು ಸುಮಾರು 3 ಕೋಟಿ ದಾಖಲೆಗಳು, 942 ಜಾತಿಗಳು. ನೂರು ಪಟ್ಟಿಗಳಲ್ಲಿ ಎಷ್ಟರಲ್ಲಿ ನೀಲಕಂಠ ಇದೆ, ಹಿಂದೆ ಎಷ್ಟರಲ್ಲಿ ಇತ್ತು ಎಂದು ಹೋಲಿಸುತ್ತಾರೆ. ಗುಮಾಸ್ತಗಿರಿ ಮಾಡಿ ನಿವೃತ್ತರಾದ ನಮಗೆ ಇದು ಚೆನ್ನಾಗಿ ಅರ್ಥವಾಗುತ್ತದೆ: ಹಳೇ ರಿಜಿಸ್ಟರ್ ಇದ್ದರೆ ಮಾತ್ರ ಹೊಸ ಲೆಕ್ಕಕ್ಕೆ ಬೆಲೆ.

ನಮ್ಮ ಗಡಿ ಊರುಗಳಿಗೆ ಆ ರಿಜಿಸ್ಟರ್ ಬೇಕು. ಆದ್ದರಿಂದ ಸದಸ್ಯರಲ್ಲಿ ವಿನಂತಿ: ತಿಂಗಳಿಗೊಮ್ಮೆ, ಒಂದೇ ಜಾಗದಲ್ಲಿ, ಬೆಳಗ್ಗೆ 15 ನಿಮಿಷ ನಿಂತು ಕಂಡ ಹಕ್ಕಿಗಳನ್ನೆಲ್ಲ ಬರೆದಿಡಿ. ಕಾಗೆ, ಗೊರವಂಕ, ಬೆಳ್ಳಕ್ಕಿಯನ್ನೂ ಬಿಡಬೇಡಿ, ಸಾಮಾನ್ಯವಾದವೇ ಮುಖ್ಯ. ಮೊಮ್ಮಕ್ಕಳನ್ನು ಜೊತೆಗೆ ಕರೆದುಕೊಳ್ಳಿ. ಹೆಸರನ್ನು ಕನ್ನಡದಲ್ಲೂ ತೆಲುಗಿನಲ್ಲೂ ಹೇಳಿಕೊಡಿ. ಹಕ್ಕಿ ಹೋದ ಮೇಲೆ ಅದರ ಹೆಸರನ್ನು ಯಾರಿಗೆ ಕಲಿಸುವುದು? ದಿನಾಂಕ, ಊರು, ಹೊತ್ತು ಬರೆಯುವುದನ್ನು ಮಾತ್ರ ಮರೆಯಬೇಡಿ. ದಿನಾಂಕವಿಲ್ಲದ ಕಾಗದ ನಮ್ಮ ಆಫೀಸಿನಲ್ಲೂ ನಡೆಯುತ್ತಿರಲಿಲ್ಲ.

ಇಂತಿ ನಿಮ್ಮ,
ಕಾರ್ಯದರ್ಶಿ