ಚೀಟಿ ಕೇಳದ ಗುಳಿಗೆ

ಕೆಲವು ವರ್ಷಗಳ ಹಿಂದಿನ ಮಹಾಶಿವರಾತ್ರಿ. ಮಠದಲ್ಲಿ ಸಾಮೂಹಿಕ ಇಷ್ಟಲಿಂಗ ಪೂಜೆ ಮುಗಿಯುವ ವೇಳೆಗೆ ಎಪ್ಪತ್ತು ದಾಟಿದ ತಾಯಿಯೊಬ್ಬರು ಮೈಯೆಲ್ಲ ಬೆವತು, ಮಾತು ತೊದಲಿ, ಕುಳಿತಲ್ಲಿಯೇ ವಾಲಿದರು. ಉಪವಾಸದ ನಿತ್ರಾಣವೆಂದೇ ನಾವೆಲ್ಲ ಭಾವಿಸಿದೆವು. ಭಕ್ತರಲ್ಲಿದ್ದ ದಾದಿಯೊಬ್ಬರು ಮಾತ್ರ ಸಕ್ಕರೆ ಕಾಯಿಲೆಯ ಗುಳಿಗೆ ಸೇವಿಸಿದ್ದಾರೆಯೇ ಎಂದು ಕೇಳಿದರು. ನುಂಗುವಷ್ಟು ಎಚ್ಚರವಿದ್ದುದರಿಂದ ಒಡನೆಯೇ ಸಕ್ಕರೆ ನೀರು ಕುಡಿಸಿ ಆಸ್ಪತ್ರೆಗೆ ಕರೆದೊಯ್ದರು. ಗ್ಲಿಬೆನ್‌ಕ್ಲಮೈಡ್ ಗುಳಿಗೆಯ ಪ್ರಭಾವ ದೀರ್ಘವಾದುದು, ಸಕ್ಕರೆ ಮತ್ತೆ ಇಳಿಯಬಹುದೆಂದು ವೈದ್ಯರು ರಾತ್ರಿಯಿಡೀ ಅಲ್ಲಿಯೇ ಇರಿಸಿಕೊಂಡರು.

ಮರುದಿನ ನಾವು ನೋಡಲು ಹೋದಾಗ ಆ ತಾಯಿ ಹೇಳಿದ್ದು ಇಷ್ಟೇ: "ಉಪವಾಸ ಇದ್ರೂ ಗುಳಿಗಿ ತಪ್ಪಿಸಬಾರದಂತ ನುಂಗಿದ್ನಿರೀ ಅಜ್ಜಾರ."

ವಿಚಾರಿಸಲಾಗಿ, ವೈದ್ಯರು ಚೀಟಿ ಬರೆದುಕೊಟ್ಟು ಆರು ವರ್ಷಗಳಾಗಿದ್ದವು. ಅಂದಿನಿಂದ ಮೊಮ್ಮಗನು ಖಾಲಿ ಪಟ್ಟಿಯನ್ನು ತೋರಿಸಿ ಅಂಗಡಿಯಿಂದ ಹತ್ತು ಹತ್ತು ಗುಳಿಗೆ ತರುತ್ತಿದ್ದನು. ಅಂಗಡಿಯವನು ಕಾನೂನು ಮೀರಿದನೆಂದು ನಾವು ಮೊದಲು ಸಿಟ್ಟಾದೆವು. ನಿಯಮಗಳನ್ನು ತರಿಸಿ ಓದಿದಾಗ ಆ ಸಿಟ್ಟು ಅಷ್ಟು ಸರಿಯಲ್ಲವೆಂದು ತಿಳಿಯಿತು.

1940ರ ಔಷಧ ಕಾಯ್ದೆಯಡಿ 1945ರಲ್ಲಿ ರಚಿತವಾದ ನಿಯಮಗಳಲ್ಲಿ ಔಷಧಗಳನ್ನು ಅನುಸೂಚಿಗಳಾಗಿ ವಿಂಗಡಿಸಲಾಗಿದೆ. 'ಎಚ್', 'ಎಚ್1', 'ಎಕ್ಸ್' ಅನುಸೂಚಿಗಳ ಔಷಧಗಳನ್ನು ವೈದ್ಯರ ಚೀಟಿಯಿಲ್ಲದೆ ಚಿಲ್ಲರೆಯಾಗಿ ಮಾರುವಂತಿಲ್ಲ. 2014ರ ಮಾರ್ಚ್ 1ರಿಂದ ಜಾರಿಗೆ ಬಂದ 'ಎಚ್1' ಔಷಧಗಳಿಗಂತೂ ವೈದ್ಯರ ಹಾಗೂ ರೋಗಿಯ ಹೆಸರು, ಔಷಧದ ಪ್ರಮಾಣ ಬರೆದ ಪ್ರತ್ಯೇಕ ದಾಖಲೆ ಪುಸ್ತಕವನ್ನು 3 ವರ್ಷ ಕಾಯ್ದಿಡಬೇಕು. ಇವುಗಳ ಹೊರಗೆ 'ಜಿ' ಎಂಬ ಅನುಸೂಚಿಯೊಂದಿದೆ. ಇನ್ಸುಲಿನ್, ಮೆಟ್‌ಫಾರ್ಮಿನ್, ಗ್ಲಿಬೆನ್‌ಕ್ಲಮೈಡ್, ನೆಗಡಿ ತುರಿಕೆಗಳಿಗೆ ಕೊಡುವ ಹಲವು ಆಂಟಿಹಿಸ್ಟಮಿನ್‌ಗಳು ಇದರಲ್ಲಿವೆ. ಚಿಲ್ಲರೆ ಮಾರಾಟಕ್ಕೆ ಚೀಟಿ ಬೇಕೆಂಬ ನಿಯಮ ಈ ಅನುಸೂಚಿಗಿಲ್ಲ. ವೈದ್ಯರ ಮೇಲ್ವಿಚಾರಣೆಯಿಲ್ಲದೆ ಸೇವಿಸುವುದು ಅಪಾಯಕರ ಎಂಬ ಎಚ್ಚರಿಕೆಯನ್ನು ಗೆರೆಯ ಚೌಕಟ್ಟಿನೊಳಗೆ ಎದ್ದು ಕಾಣುವಂತೆ ಮುದ್ರಿಸಬೇಕೆಂಬುದಷ್ಟೇ ಇದರ ವಿಶೇಷ ಕಟ್ಟಳೆ.

ಅಂದರೆ ಕಾವಲು ಅಂಗಡಿಯ ಕಟ್ಟೆಯಿಂದ ನಮ್ಮ ಮನೆಯ ಪಡಸಾಲೆಗೆ ಬಂದಿತು. ಆ ಕಾವಲುಗಾರನಿಗೆ ಓದಲು ಬರಬೇಕಲ್ಲ! ನಾವು ನೋಡಿದ ಪಟ್ಟಿಗಳಲ್ಲಿ ಆ ಸಾಲು ಇಂಗ್ಲಿಷಿನಲ್ಲಿತ್ತು, ಅಕ್ಷರಗಳೋ ಸಾಸಿವೆಯಷ್ಟು. ಆ ತಾಯಿ ವಚನಗಳನ್ನು ನಿರರ್ಗಳವಾಗಿ ಓದುವವರು, ಇಂಗ್ಲಿಷ್ ಅರಿಯರು. ಪಟ್ಟಿಯನ್ನು ಕತ್ತರಿಸಿ ನಾಲ್ಕಾರು ಗುಳಿಗೆ ಕೊಟ್ಟರೆ ಎಚ್ಚರಿಕೆಯ ಸಾಲು, ಅವಧಿ ಮುಗಿಯುವ ದಿನಾಂಕ ಎರಡೂ ಅಂಗಡಿಯಲ್ಲಿಯೇ ಉಳಿದಾವು.

ನೋಂದಾಯಿತ ಫಾರ್ಮಸಿಸ್ಟರಿಲ್ಲದ ಅಂಗಡಿಗಳಿಗೆ 20ಎ, 21ಎ ನಮೂನೆಯ ನಿರ್ಬಂಧಿತ ಪರವಾನಗಿಗಳಿವೆ. ಅಲ್ಲಿ ಅಂಥವರ ಮೇಲ್ವಿಚಾರಣೆ ಬೇಡದ ಔಷಧಗಳನ್ನು ಮಾತ್ರ ಮೂಲ ಪೊಟ್ಟಣದಲ್ಲಿಯೇ ಮಾರಬೇಕು. ಪರವಾನಗಿ ಪತ್ರವನ್ನು ಗೋಡೆಯ ಮೇಲೆ ನೋಡಿದರೆ ಯಾವ ಬಗೆಯ ಅಂಗಡಿಯೆಂಬುದು ತಿಳಿಯುತ್ತದೆ. ಫಾರ್ಮಸಿಸ್ಟರು ಇದ್ದಲ್ಲಿ, ಉಪವಾಸದ ದಿನ ಈ ಗುಳಿಗೆ ಹೇಗೆಂದು ಅವರನ್ನು ಕೇಳಲು ಸಂಕೋಚಬೇಡ. ಉತ್ತರಿಸುವುದು ಅವರ ಕಾಯಕ. ಪ್ರಮಾಣವನ್ನು ಬದಲಿಸುವುದು ಮಾತ್ರ ವೈದ್ಯರಿಗೆ ಬಿಟ್ಟದ್ದು.

ಮರುವರ್ಷದ ಶಿವರಾತ್ರಿಗೆ ಆ ತಾಯಿ ಹದಿನೈದು ದಿನ ಮುಂಚೆಯೇ ವೈದ್ಯರನ್ನು ಕಂಡು ಬಂದರು. ಅವರು ಬೇರೆ ಗುಳಿಗೆ ಬರೆದುಕೊಟ್ಟು, ನಿರಾಹಾರ ಬೇಡವೆಂದಿದ್ದರು. ಹಾಲು ಹಣ್ಣು ಸ್ವೀಕರಿಸಿ ಪೂಜೆಗೆ ಕುಳಿತರು.