ಅಂಗಳದ ಕೊಳ ಎಷ್ಟು ನೀರು ಕುಡಿಯುತ್ತದೆ?



ಈಚೆಗೆ ಒಂದು ಭಾನುವಾರ ಪೂಜೆ ಮುಗಿಸಿ ಹೊರಬಂದಾಗ ನಮ್ಮ ರೈತರೊಬ್ಬರು ಕಾದು ನಿಂತಿದ್ದರು. "ಫಾದರ್, ಹೊಸ ಮನೆ ಮುಂದೆ ಕಾರಂಜಿ ಮಾಡಿಸಬೇಕೂಂತ ಮಗನ ಆಸೆ. ಬೋರು ನೋಡಿದರೆ ಮಾರ್ಚ್ ದಾಟೋದೇ ಅನುಮಾನ. ಏನು ಮಾಡಲಿ?" ಎಂದರು. ಮಗನ ಆಸೆ ತಪ್ಪಲ್ಲ. ಅಂಗಳದಲ್ಲಿ ನೀರಿದ್ದರೆ ಕಣ್ಣಿಗೆ ತಂಪು, ಗುಬ್ಬಿಗಳೂ ಬರುತ್ತವೆ. ಆದರೆ ನಮ್ಮ ಅನಂತಪುರ ಸೀಮೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 550 ಮಿ.ಮೀ. ಮಾತ್ರ. ಇಲ್ಲಿ ಎಂಥ ಕೊಳ ಎಂದು ಯೋಚಿಸದೆ ಸಿಮೆಂಟು ಕಲಸಬಾರದು.

ನಾನೇ ಒಮ್ಮೆ ಎಡವಿದ್ದೇನೆ. ಹಿಂದೆ ಇದ್ದ ಒಂದು ಧರ್ಮಕೇಂದ್ರದಲ್ಲಿ ಮಾತೆಯ ಗವಿಯ ಮುಂದೆ ಅಗಲವಾದ, ಮೊಣಕಾಲುದ್ದವೂ ಆಳವಿಲ್ಲದ ಕೊಳ ಕಟ್ಟಿಸಿದೆ. ನೋಡಲು ಚೆನ್ನಾಗಿತ್ತು. ತಪಸ್ಸುಕಾಲ ಮುಗಿಯುವ ಮೊದಲೇ ತಳ ಕಂಡಿತು, ಟ್ಯಾಂಕರ್ ನೀರು ಕೊಂಡು ತುಂಬಿದೆವು. ಮರುವರ್ಷ ಅದರಲ್ಲಿ ಸೊಳ್ಳೆಮರಿ. ಕೊನೆಗೆ ಮಣ್ಣು ಹಾಕಿ ಮುಚ್ಚಿ ಕಣಗಿಲೆ ನೆಟ್ಟೆವು.

ತಪ್ಪು ಎಲ್ಲಿತ್ತು? ಲೆಕ್ಕ ಬಹಳ ಸುಲಭ. ಒಂದು ಚದರ ಮೀಟರ್ ಅಗಲದ ನೀರು ಒಂದು ಮಿ.ಮೀ. ಇಳಿದರೆ ಒಂದು ಲೀಟರ್ ಆವಿಯಾಯಿತು ಎಂದರ್ಥ. ಬಿರುಬೇಸಿಗೆಯಲ್ಲಿ ನಮ್ಮ ಕಡೆ ದಿನಕ್ಕೆ 8 ಮಿ.ಮೀ. ಇಳಿಯುವುದು ಹೆಚ್ಚೇನಲ್ಲ. ಹಾಗಾದರೆ 3 ಮೀಟರ್ ಉದ್ದ, 2 ಮೀಟರ್ ಅಗಲದ ಕೊಳದಿಂದ ದಿನಕ್ಕೆ 48 ಲೀಟರ್ ಹೋಗುತ್ತದೆ. ಬೇಸಿಗೆಯಲ್ಲಿ ಕರೆಯುವ ಎಮ್ಮೆಯೊಂದು ಕುಡಿಯುವ ನೀರೂ ಹೆಚ್ಚುಕಡಿಮೆ ಅಷ್ಟೇ. ಕೊಟ್ಟಿಗೆಯಲ್ಲಿ ಇಲ್ಲದ ಎಮ್ಮೆಗೆ ದಿನವೂ ನೀರು ಹೊತ್ತಂತಾಯಿತು! ಈ ಲೆಕ್ಕದಲ್ಲಿ ಆಳದ ಮಾತೇ ಬರಲಿಲ್ಲ ಎಂಬುದನ್ನು ಗಮನಿಸಿ. ನೀರನ್ನು ಕದಿಯುವುದು ಬಿಸಿಲಿಗೂ ಗಾಳಿಗೂ ತೆರೆದ ಬಾಯಿ. ಆದ್ದರಿಂದ ಬಾಯಿ ಚಿಕ್ಕದಿರಲಿ, ಪಡುವಣ ಬಿಸಿಲು ತಾಗದಂತೆ ಗೋಡೆಯ ಮೂಡಣಕ್ಕೆ ಇರಲಿ. ಬೇವಿನ ನೆರಳು ಒಳ್ಳೆಯದೇ, ಆದರೆ ಬುಡಕ್ಕೆ ತೀರ ಹತ್ತಿರ ಬೇಡ. ಬೇರು ಸಿಮೆಂಟನ್ನು ಸೀಳುತ್ತದೆ. ಎತ್ತರಕ್ಕೆ ಚಿಮ್ಮುವ ಕಾರಂಜಿ ನಮ್ಮ ಆಷಾಢದ ಗಾಳಿಗೆ ಹೇಳಿದ್ದಲ್ಲ. ಅರ್ಧ ನೀರು ರಸ್ತೆಗೆ ಬೀಳುತ್ತದೆ.

ನಾನು ಆ ರೈತರಿಗೆ ಹೇಳಿದ್ದು ಒರಳಿನ ಉಪಾಯ. ಮಿಕ್ಸಿ ಬಂದ ಮೇಲೆ ಹಿತ್ತಿಲಲ್ಲಿ ಮೂಲೆ ಹಿಡಿದ ಒರಳುಕಲ್ಲು ಎಷ್ಟೋ ಮನೆಗಳಲ್ಲಿದೆ. 200 ಲೀಟರಿನ ಪ್ಲಾಸ್ಟಿಕ್ ಡ್ರಮ್ಮನ್ನು ಬಾಯಿಮಟ್ಟಕ್ಕೆ ನೆಲದಲ್ಲಿ ಹೂಳಿ. ಅದರ ಬಾಯಿಗೆ ಸಣ್ಣ ಕಣ್ಣಿನ ಸೊಳ್ಳೆಜಾಲರಿ ಬಿಗಿಯಿರಿ. ಗುಂಡಿಯ ಎರಡೂ ಅಂಚಿಗೆ ಆನಿಸಿ ಎರಡು ಕಲ್ಲುಚಪ್ಪಡಿ ಹಾಸಿ, ಒರಳಿನ ಭಾರ ಚಪ್ಪಡಿಯ ಮೇಲಿರಬೇಕೇ ಹೊರತು ಡ್ರಮ್ಮಿನ ಮೇಲಲ್ಲ. ಒರಳಿನ ತಳಕ್ಕೆ ಕಲ್ಲುಕುಟಿಗರಿಂದ ತೂತು ಹಾಕಿಸಿ ಕೊಳವೆ ಏರಿಸಿ. ಸುತ್ತ ಡ್ರಮ್ಮಿನ ಕಡೆಗೆ ಇಳಿಜಾರಾಗಿ ತಾಡಪಾಲು ಹಾಸಿ, ಮೇಲೆ ಹೊಳೆಗಲ್ಲು ಹರಡಿ. ಕೂಲರಿಗೆ ಹಾಕುವ ಸಣ್ಣ ಪಂಪು ನೀರನ್ನು ಮೇಲೆತ್ತುತ್ತದೆ, ನೀರು ಒರಳಿನ ಅಂಚಿನಿಂದ ಜಾರಿ ಮತ್ತೆ ಡ್ರಮ್ಮಿಗೇ ಇಳಿಯುತ್ತದೆ. ಸಂಜೆ ಒಂದೆರಡು ತಾಸು ಓಡಿಸಿದರೆ ಸಾಕು. ಕಡಿಮೆಯಾದಷ್ಟು ನೀರನ್ನು ಆಗಾಗ ತುಂಬಿಸಿ, ಖಾಲಿ ಡ್ರಮ್ಮಿನಲ್ಲಿ ಓಡಿದರೆ ಪಂಪು ಸುಡುತ್ತದೆ. ವೈರಿಂಗನ್ನು ಬಲ್ಲವರಿಂದಲೇ ಮಾಡಿಸಿ, ನೀರಿನ ಬಳಿ ಕರೆಂಟು ಹುಡುಗಾಟವಲ್ಲ. ಇದರಲ್ಲಿ ನಿಂತ ನೀರಿನ ಕೊಳವೇ ಇಲ್ಲದ್ದರಿಂದ ಅಂಬೆಗಾಲಿಡುವ ಮಗು ಬೀಳುವ ಭಯವೂ ಇಲ್ಲ. ನನಗೆ ಇದು ಹಿಡಿಸಲು ದೊಡ್ಡ ಕಾರಣ ಅದೇ. ಗೇಣುದ್ದ ನೀರೂ ಎಳೆಮಗುವಿನ ಪ್ರಾಣ ತೆಗೆಯಬಲ್ಲದು.

ಕೊಳ ಈಗಾಗಲೇ ಇದ್ದವರು ಮೊದಲು ಸೋರಿಕೆ ಪರೀಕ್ಷಿಸಿ. ಬಕೆಟ್ಟಿಗೆ ಕೊಳದ ನೀರನ್ನೇ ತುಂಬಿ ಕೊಳದೊಳಗೆ ಕಲ್ಲಿನ ಮೇಲಿಡಿ, ಎರಡರಲ್ಲೂ ನೀರಿನ ಮಟ್ಟಕ್ಕೆ ಗುರುತು ಹಾಕಿ. ಒಂದು ಹಗಲು ಒಂದು ರಾತ್ರಿ ಬಿಟ್ಟು ನೋಡಿ. ಎರಡೂ ಸಮನಾಗಿ ಇಳಿದಿದ್ದರೆ ಅದು ಬಿಸಿಲಿನ ಪಾಲು. ಕೊಳ ಹೆಚ್ಚು ಇಳಿದಿದ್ದರೆ ಬಿರುಕು ಹುಡುಕಿ.

ಇನ್ನು ಆರೋಗ್ಯದ ಮಾತು. ಡೆಂಗೆ ಜ್ವರದ ಸೊಳ್ಳೆ ಕೊಚ್ಚೆಗಿಂತ ತಿಳಿನೀರನ್ನೇ ಹುಡುಕುತ್ತದೆ. ಮೊಟ್ಟೆ ಸೊಳ್ಳೆಯಾಗಲು ವಾರದಿಂದ ಹತ್ತು ದಿನ ಸಾಕು. ಹಕ್ಕಿಗಿಡುವ ಬೋಗುಣಿಯನ್ನು ವಾರಕ್ಕೊಮ್ಮೆಯಾದರೂ ಚೆಲ್ಲಿ, ಒಳಗೋಡೆಯನ್ನು ನಾರಿನಿಂದ ಉಜ್ಜಿ ತೊಳೆಯಿರಿ. ಬರಿದೇ ಚೆಲ್ಲಿದರೆ ಅಂಟಿಕೊಂಡ ಮೊಟ್ಟೆ ಒಣಗಿಯೂ ತಿಂಗಳುಗಟ್ಟಲೆ ಬದುಕಿರುತ್ತದೆ. ದೊಡ್ಡ ತೊಟ್ಟಿಯಲ್ಲಾದರೆ ಗಪ್ಪಿ ಮೀನು ಬಿಡಬಹುದು, ಆದರೆ ಅವನ್ನು ಕೆರೆಗೆ ಸುರಿಯಬೇಡಿ. ಹಕ್ಕಿ, ದನ ಕುಡಿಯುವ ನೀರಿಗೆ ಸೀಮೆಎಣ್ಣೆ ಹಾಕುವುದಂತೂ ಬೇಡವೇ ಬೇಡ.

ಮತ್ತೊಂದು ವಿಷಯ ಹಲವರಿಗೆ ಹೊಳೆಯುವುದಿಲ್ಲ. ಆವಿಯಾಗುವುದು ನೀರು ಮಾತ್ರ. ಉಪ್ಪು, ಫ್ಲೋರೈಡ್ ಅಲ್ಲೇ ಉಳಿಯುತ್ತವೆ. ನಮ್ಮ ಸೀಮೆಯ ಎಷ್ಟೋ ಬೋರುಗಳಲ್ಲಿ ಫ್ಲೋರೈಡ್ ಮೊದಲೇ ಹೆಚ್ಚು. ಖಾಲಿ ಮಾಡದೆ ಮೇಲೆ ಮೇಲೆ ತುಂಬಿಸಿದ ಕೊಳದ ನೀರನ್ನು ದನಕ್ಕೆ ಕುಡಿಸಬೇಡಿ. ಸಾಧ್ಯವಾದರೆ ಡ್ರಮ್ಮಿಗೆ ಮಳೆನೀರನ್ನೇ ತುಂಬಿ. 100 ಚದರ ಮೀಟರಿನ ತಾರಸಿಯ ಮೇಲೆ 10 ಮಿ.ಮೀ. ಮಳೆ ಸುರಿದರೆ 1,000 ಲೀಟರ್ ಬಿದ್ದಂತೆ. ಪೋಲಾದದ್ದು ಕಳೆದರೂ ಡ್ರಮ್ಮು ತುಂಬಿ ಮುಚ್ಚಿದ ಸಂಪಿಗೂ ಉಳಿಯುತ್ತದೆ.

ಮುಂಗಾರಿಗೆ ಮೊದಲು ಗುರುಮನೆಯ ಅಂಗಳದಲ್ಲೂ ಇಂಥ ಒಂದು ಒರಳನ್ನು ಕೂರಿಸುವ ವಿಚಾರವಿದೆ. ನಿಮ್ಮ ಹಿತ್ತಿಲಲ್ಲಿ ಬೇಡವಾದ ಒರಳು ಬಿದ್ದಿದ್ದರೆ ತಿಳಿಸಿ. ಅಂಚು ಮುಕ್ಕಾಗಿದ್ದರೂ ಪರವಾಗಿಲ್ಲ, ನೀರು ಆ ಕಡೆಯಿಂದ ಇಳಿಯುತ್ತದೆ.